ತಲೆಬಾಗಿಲು

ಸೂಜಿಗೆ ಪೋಣಿಸಿದ ಕಾಗದದ ತ್ರಿಕೋನ,
ಅದರ ಮೊನೆಯಲ್ಲಿ ಸಾಸಿವೆಯ ಕಾಲುಪಾಲು ಅಂಟು,
ಅಂಟಿನ ಮೇಲೆ ಅವಳು.
ಅವಳೇ. ದುಡಿಯುವವರೆಲ್ಲ ಹೆಂಗಸರು ಇವರಲ್ಲಿ.

ಇಕಿತೋಸಿನ ಮಧ್ಯಾಹ್ನ. ಹೋದ ಕರೆಂಟು ಈಗ ಬಂದಿದೆ.
ಬೀದಿಯಲ್ಲಿ ಮೂರುಗಾಲಿ ಗಾಡಿಗಳ ಗುರ್ರು,
ಮೇಜಿನ ಮೇಲೆ ಬೆಳಕಿನದೊಂದು ಬಾವಿ.
ಕನ್ನಡಕ ಹಣೆಗೇರಿಸಿ ಇಳಿಯುತ್ತೇನೆ.

ಗುರುತಿನ ಪುಸ್ತಕ ಕೇಳುತ್ತದೆ, ಪೊಲೀಸರ ಹಾಗೆ:
ನಡುವಿನಲ್ಲಿ ಗಂಟು ಒಂದೋ ಎರಡೋ?
ಎರಡು. ಹಾಗಾದರೆ ಏಳಕ್ಕೆ ಹೋಗು.
ಮೀಸೆ ಮಡಚಿಡಲು ತಲೆಯ ಬದಿಗೆ ಕಾಲುವೆ ಇದೆಯೋ?
ಇದೆ. ಹತ್ತೊಂಬತ್ತಕ್ಕೆ ಹೋಗು.
ಬೆನ್ನಂಚಿಗೆ ಮುಳ್ಳೋ, ಬರೀ ಹಲ್ಲೋ?
ಮುಳ್ಳು ಎಲ್ಲಿ ಮುಗಿದು ಹಲ್ಲಾಗುತ್ತದೆಂದು
ಪುಸ್ತಕ ಬರೆದವನು ಹೇಳಿಲ್ಲ.
ಅಲ್ಲೇ ಒಂದು ತಾಸು ಹೋಯಿತು.

ಕುಲ ಸಿಕ್ಕಿತು: ಆಮೆ ಇರುವೆ.
ಚಪ್ಪಟೆ ಮೈ, ಕವಚದಂಥ ಬೆನ್ನು,
ಹುರಿದ ಕಾಫಿಬೀಜದ ಬಣ್ಣ.
ಕುಲ ಸಿಕ್ಕರೆ ಎಲ್ಲ ಸಿಕ್ಕಿತೆನ್ನುವವರುಂಟು,
ನನ್ನ ಪಜೀತಿ ಶುರುವಾಗುವುದೇ ಅಲ್ಲಿಂದ.

ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದ ದೊನ್ ಎವಾರಿಸ್ತೊ
ಎರಡು ಖಾನೆ ಮಾಡಿದ್ದರು.
ಆರನೆಯದರಲ್ಲಿ ಇವಳಂಥವರು, ಸಣ್ಣ ತಲೆಯವರು.
ಒಂಬತ್ತನೆಯದರಲ್ಲಿ ಇನ್ನೊಂದು ಬಗೆ,
ಹಣೆಯೆಂದರೆ ಅಂಚೆದ್ದ ತಟ್ಟೆ.
ಎರಡು ಹೆಸರು, ಎರಡು ಚೀಟಿ, ದುಂಡು ಅಕ್ಷರ.
ಹನ್ನೊಂದು ವರ್ಷ ಎರಡಕ್ಕೂ ನುಸಿಗುಳಿಗೆ ಹಾಕಿದೆ ನಾನು,
ಬೇರೆ ಬೇರೆ ಬೀದಿಯವರೆಂದು ನಂಬಿ.

ನಾನಾಯ್ ನದಿಯ ಕಡೆಯಿಂದ ಇವತ್ತು ವಿಲ್ದೆರ್ ಬಂದ.
ವಿಲ್ದೆರ್ ತಪುಯೀಮಾ, ಮರ ಹತ್ತುವವನು, ಬಲಗಾಲು ಎಳೆಯುತ್ತಾನೆ.
ಅಂಗಿಯಲ್ಲಿ ಸುತ್ತಿದ ಒಣಕೊಂಬೆ ಮೇಜಿಗಿಟ್ಟು
'ಬಾಗಿಲು ತಟ್ಟಿ ನೋಡಿ, ಸೆನ್ಯೋರಾ' ಎಂದ.

ಜೀರುಂಡೆ ಕೊರೆದು ಬಿಟ್ಟುಹೋದ ತೂತೊಂದಿತ್ತು.
ಪೆನ್ಸಿಲಿನಿಂದ ತಟ್ಟಿದೆ.
ತೂತು ಮಾಯ.
ಅಲ್ಲೊಂದು ಹಣೆ, ತೊಗಟೆಯದೇ ಬಣ್ಣ, ತೂತಿನದೇ ಅಳತೆ.
ಕಾದೆವು. ಅವನು ಬಾಳೆಹಣ್ಣು ಸುಲಿದ.
ಹೊರಗಿದ್ದವಳೊಬ್ಬಳು, ಸಣ್ಣ ತಲೆಯವಳು,
ಬಂದು ಆ ಹಣೆಯನ್ನು ಮೀಸೆಯಿಂದ ಮುಟ್ಟಿದಳು.
ಹಣೆ ಹಿಂದೆ ಸರಿಯಿತು. ಅವಳು ಒಳಗೆ ಹೋದಳು.
ಹಣೆ ಮತ್ತೆ ಬಂತು.

'ಇವಳು ಬಾಗಿಲು, ಅವರು ಮನೆಯವರು.
ನೀವು ಬಾಗಿಲು ಕಿತ್ತು ಬೇರೆ ಊರಿನ ವಿಳಾಸ ಬರೆದಿದ್ದೀರಿ.'

ನಾನೇನೂ ಹೇಳಲಿಲ್ಲ. ದೊನ್ ಎವಾರಿಸ್ತೊ ಒಳ್ಳೆಯವರು,
ಮರ ಹತ್ತಿದವರಲ್ಲ.

ಹಣ್ಣು ಮುಗಿಸಿ ಅವನೇ ಮುಂದುವರಿಸಿದ:
ಮೂವತ್ತು ಮೀಟರ್ ಮೇಲಿಂದ ಊದಿ ಬೀಳಿಸಿದರೂ
ಇವು ಸುಮ್ಮನೆ ನೆಲಕ್ಕೆ ಬೀಳುವುದಿಲ್ಲವಂತೆ.
ಗಾಳಿಯಲ್ಲೇ ಹೊರಳಿ, ಹಿಂಭಾಗ ಮುಂದಾಗಿ,
ಬೆಳ್ಳನೆಯ ಕಾಂಡ ಎಲ್ಲಿದೆಯೆಂದು ನೋಡಿ,
ಹಿಮ್ಮುಖವಾಗಿ ತೇಲಿಬಂದು ಅದೇ ಮರಕ್ಕೆ ಅಂಟಿಕೊಂಡು
ಮನೆಗೆ ನಡೆದು ಹತ್ತುತ್ತವಂತೆ.
'ನಾನು ಬಿದ್ದಾಗ ಮರ ಎಲ್ಲಿದೆಯೆಂದು ನೋಡಲಿಲ್ಲ.
ನೆಲವನ್ನೇ ನೋಡಿದೆ' ಎಂದು ಮೊಣಕಾಲು ಸವರಿ ನಕ್ಕ.

ಗುರುತಿನ ಪುಸ್ತಕದಲ್ಲಿ ನೂರ ನಲವತ್ತು ಪ್ರಶ್ನೆ.
ಮುಳ್ಳು, ರೋಮ, ಹೊಳಪು, ಗಂಟು.
ಬಿದ್ದರೆ ಏನು ಮಾಡುತ್ತೀ ಎಂದು
ಒಂದೂ ಕೇಳುವುದಿಲ್ಲ. ಅಂಟಿನ ಮೇಲಿರುವವಳನ್ನು
ಹೇಗೆ ಕೇಳುವುದು?

ಅವನು ಹೋದ ಮೇಲೆ ಒಂಬತ್ತನೆಯ ಖಾನೆ ತೆರೆದೆ.
ಹದಿನಾಲ್ಕು ಸೂಜಿ. ಉಸಿರು ಹಿಡಿದು ಒಂದೊಂದೇ ಎತ್ತಿ
ಆರನೆಯದಕ್ಕೆ ಸಾಗಿಸಿದೆ.
ಒಬ್ಬಳ ಕಾಲು ಮುರಿಯಿತು, ಅಂಟಿಸಿದೆ.
ಎರಡು ಹೆಸರಲ್ಲಿ ಮೊದಲು ಇಟ್ಟದ್ದು ಉಳಿಯಬೇಕು, ಅದು ನಿಯಮ.
ಯಾವುದು ಮೊದಲೋ ನಾಳೆ ಹುಡುಕಬೇಕು.
ಹೊಸ ಕೊಂಬೆಗೆ ಚೀಟಿ ಬರೆದೆ: ನದಿ, ತಾರೀಕು, ಎತ್ತರ,
ತಂದವರು ವಿ. ತಪುಯೀಮಾ.

ಒಂಬತ್ತನೆಯ ಖಾನೆಯ ಬೆಂಡಿನಲ್ಲಿ ಈಗ
ಹದಿನಾಲ್ಕು ತೂತುಗಳಿವೆ.
ಒಂದಕ್ಕೂ ತಲೆಯಿಲ್ಲ.